ನಿಂತುಹೋದ ತಿಂಗಳ ವರದಿ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬಳಿ ಬಂದವರು ಬೆಂಗಳೂರಿನಲ್ಲಿ ಆನ್‌ಲೈನ್ ದಿನಸಿ ಮಾರಾಟದ ಕಂಪನಿಯೊಂದನ್ನು ಕಟ್ಟಿದ, ನಲವತ್ತರ ಆಸುಪಾಸಿನ ಸಂಸ್ಥಾಪಕರು; ಮೂಲತಃ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಯವರು. ನಿದ್ದೆ ಬರುವುದಿಲ್ಲ, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ ಎಂಬುದು ಅವರು ಹೇಳಿಕೊಂಡ ತೊಂದರೆ. ಹೂಡಿಕೆದಾರರು ತಮ್ಮನ್ನು ಸಿಇಒ ಸ್ಥಾನದಿಂದ ಇಳಿಸಲು ಹೊರಟಿದ್ದಾರೆಂಬ ಸಂಗತಿ ಬಾಯಿಗೆ ಬಂದದ್ದು ಎರಡನೆಯ ಭೇಟಿಯ ಕೊನೆಯ ಹತ್ತು ನಿಮಿಷದಲ್ಲಿ.

ಬದುಕೇ ಸಾಕೆನಿಸಿದೆಯೇ ಎಂದು ನೇರವಾಗಿ ಕೇಳಿದೆ. ಒಂದೆರಡು ರಾತ್ರಿ ಹಾಗನ್ನಿಸಿದ್ದುಂಟು ಎಂದರು. ಉಳಿದ ಮಾತಿಗೆ ಮೊದಲು ಮನೋವೈದ್ಯರ ಭೇಟಿಯನ್ನು ಗೊತ್ತುಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಳ್ಳುವಂತೆ ಮಾಡಿದೆ.

ಹೂಡಿಕೆದಾರರು ಕೃತಘ್ನರು ಎಂಬುದು ಅವರ ಗಟ್ಟಿ ನಂಬಿಕೆಯಾಗಿತ್ತು. 2021ರಲ್ಲಿ ಖರ್ಚಿನ ಚಿಂತೆ ಬಿಟ್ಟು ಬೇಗ ಬೆಳೆಯಿರಿ ಎಂದು ಬೆನ್ನು ತಟ್ಟಿದವರೇ, ಮರುವರ್ಷ ಹಣದ ಹರಿವು ಬತ್ತತೊಡಗಿದಾಗ ಲಾಭವೆಲ್ಲಿ ಎಂದು ಕೇಳತೊಡಗಿದರಂತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವರೇ ತೋರಿಸಿದ ಇಮೇಲ್‌ಗಳನ್ನು ತಾರೀಖಿನ ಕ್ರಮದಲ್ಲಿ ಓದಿದಾಗ ಬೇರೊಂದು ಸಂಗತಿ ಕಂಡಿತು: ನಷ್ಟದ ವಿವರವಿದ್ದ ವರದಿಗಳಿಗೆ ಬಂದ ಉತ್ತರಗಳಲ್ಲಿ ಕಳವಳವಿತ್ತು, ಸಲಹೆಯೂ ಇತ್ತು, ತಿಂಗಳ ವರದಿ ಕಳುಹಿಸುವುದನ್ನೇ ಇವರು ನಿಲ್ಲಿಸಿದ ಮೂರನೆಯ ತಿಂಗಳಿನಿಂದ ಒಕ್ಕಣೆ ಬದಲಾಗಿ, ವಕೀಲರ ಭಾಷೆ ಬಂದಿತ್ತು. ಒಳ್ಳೆಯ ಅಂಕಿ ಬಂದ ಮೇಲೆ ಒಟ್ಟಿಗೆ ಕಳುಹಿಸೋಣ ಎಂದುಕೊಂಡಿದ್ದರಂತೆ. ಹೆಂಡತಿಗೂ ಇದೇ ಕಾರಣಕ್ಕೆ ಏನನ್ನೂ ಹೇಳಿರಲಿಲ್ಲ.

ಆನ್‌ಲೈನ್ ಪಾಠದ ಕಂಪನಿ ಬೈಜೂಸ್‌ನ ಉದಾಹರಣೆಯನ್ನು ಅವರೇ ಎತ್ತಿದರು. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಕಂಪನಿಯ ಸಂಸ್ಥಾಪಕರನ್ನೇ ಇಳಿಸಬೇಕೆಂದು 2024ರ ಫೆಬ್ರುವರಿಯಲ್ಲಿ ಹೂಡಿಕೆದಾರರು ಮತ ಹಾಕಿದ್ದು ಅವರ ಮಟ್ಟಿಗೆ ದೊಡ್ಡವರ ದ್ರೋಹದ ಕತೆ. ಅದಕ್ಕೂ ಹಿಂದಿನ ವರ್ಷದ ಜೂನ್ ತಿಂಗಳನ್ನು ನಾನು ನೆನಪಿಸಿದೆ. ಲೆಕ್ಕಪತ್ರಗಳು ಕೈಸೇರುವುದು ತೀರಾ ತಡವಾಯಿತೆಂದು ಲೆಕ್ಕಪರಿಶೋಧಕ ಸಂಸ್ಥೆ ಡೆಲಾಯ್ಟ್ ಹೊರನಡೆದದ್ದೂ, ಹೂಡಿಕೆದಾರರ ಮೂವರು ಪ್ರತಿನಿಧಿಗಳು ನಿರ್ದೇಶಕ ಮಂಡಳಿಯನ್ನು ಬಿಟ್ಟದ್ದೂ ಆಗಲೇ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಕಂಪನಿಯ ಮೊದಲ ಹೂಡಿಕೆದಾರರು ತಮ್ಮ ಅಪ್ಪ ಎಂದರು. ತೋಟದ ಮೇಲೆ ಸಾಲ ತೆಗೆದು ಕೊಟ್ಟ ಹಣ. ಕೊಳೆರೋಗ ಬಂದ ವರ್ಷ ಅಪ್ಪ ಏನು ಮಾಡುತ್ತಿದ್ದರು ಎಂದು ಕೇಳಿದೆ. ಕಂತಿನ ದಿನಕ್ಕೆ ಕಾಯದೆ, ಮಳೆಗಾಲದಲ್ಲೇ ಸೊಸೈಟಿಗೆ ಹೋಗಿ, ಈ ಸಲ ಫಸಲಿಲ್ಲ ಎಂದು ಕಾರ್ಯದರ್ಶಿಗೆ ಹೇಳಿ ಬರುತ್ತಿದ್ದರಂತೆ.

ನಾನು ಕೊಟ್ಟ ಸಲಹೆಯಲ್ಲಿ ಜಾಣತನವೇನೂ ಇರಲಿಲ್ಲ. ಬ್ಯಾಂಕಿನಲ್ಲಿರುವ ಹಣ, ತಿಂಗಳ ಖರ್ಚು, ಬಾಕಿ ಸಂಬಳ, ಕಟ್ಟದೆ ಉಳಿದ ನೌಕರರ ಪಿಎಫ್ ಮತ್ತು ಟಿಡಿಎಸ್ (ಮೂಲದಲ್ಲೇ ಮುರಿದುಕೊಂಡ ತೆರಿಗೆ) ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು, ಮೊದಲು ಹೆಂಡತಿಗೆ, ಮರುದಿನ ಚಾರ್ಟರ್ಡ್ ಅಕೌಂಟೆಂಟರಿಗೆ, ಆ ವಾರದೊಳಗೆ ಮಂಡಳಿಗೆ ತೋರಿಸಬೇಕು; ಭರವಸೆಯ ಒಂದು ಸಾಲನ್ನೂ ಅದರಲ್ಲಿ ಸೇರಿಸಕೂಡದು. ರಾತ್ರಿ ಹತ್ತರ ಮೇಲೆ ರಾಜೀನಾಮೆಯನ್ನಾಗಲಿ ಜಗಳದ ಉತ್ತರವನ್ನಾಗಲಿ ಬರೆಯಬಾರದು. ಕಾನೂನಿನ ಮಾತು ನನ್ನದಲ್ಲವಾದ್ದರಿಂದ ವಕೀಲರ ಬಳಿಗೆ ಕಳುಹಿಸಿದೆ. ಸಿಇಒ ಹುದ್ದೆ ಬೇರೆ, ನಿರ್ದೇಶಕ ಸ್ಥಾನ ಬೇರೆ. 2013ರ ಕಂಪನಿ ಕಾಯ್ದೆಯ 169ನೇ ಕಲಮಿನಂತೆ ನಿರ್ದೇಶಕರನ್ನು ತೆಗೆಯುವ ಮುನ್ನ ಅವರ ಮಾತು ಕೇಳಲೇಬೇಕು ಎಂದು ವಕೀಲರು ಬಿಡಿಸಿ ಹೇಳಿದ ಮೇಲೆ, ಬೆಳಗಾಗುವುದರೊಳಗೆ ತಮ್ಮನ್ನು ಬೀದಿಗೆ ತಳ್ಳುತ್ತಾರೆಂಬ ಭಯ ನನ್ನ ಸಮಾಧಾನದ ಮಾತುಗಳಿಗಿಂತ ಬೇಗ ಇಳಿಯಿತು ಎಂದು ಒಪ್ಪಿಕೊಳ್ಳಬೇಕು.

ಕಷ್ಟವಾದದ್ದು ಇನ್ನೊಂದು ಪ್ರಶ್ನೆ. ಕಂಪನಿಯನ್ನು ನಡೆಸಲು ನೀವೇ ತಕ್ಕವರೇ ಎಂದು ಹೊರಗಿನವರು ಕೇಳಿದರೆ ಅವಮಾನವೆನಿಸುತ್ತದೆ. ನೀವೇ ಕೇಳಿಕೊಂಡರೆ ಏನು ಉತ್ತರ ಬರುತ್ತದೆ ಎಂದೆ. ಅವರ ಉತ್ತರಕ್ಕೆ ಎರಡು ವಾರ ಬೇಕಾಯಿತು. ಸರಕು, ರೈತರು, ಗೋದಾಮು ತನಗೆ ಗೊತ್ತು, ಹಣದ ಲೆಕ್ಕ ಗೊತ್ತಿಲ್ಲ ಎಂದರು.

ಆರನೆಯ ಭೇಟಿಯ ಹೊತ್ತಿಗೆ ಮಂಡಳಿ ಹೊಸ ಸಿಇಒ ಹುಡುಕತೊಡಗಿತ್ತು. ಇವರು ಖರೀದಿಯ ಹೊಣೆ ಹೊತ್ತು ನಿರ್ದೇಶಕರಾಗಿ ಉಳಿದಿದ್ದರು. ಕೆಲವು ಹೂಡಿಕೆದಾರರು ಈಗಲೂ ಇವರೊಡನೆ ನೇರವಾಗಿ ಮಾತಾಡುವುದಿಲ್ಲ. ನಿದ್ದೆ ವಾರದಲ್ಲಿ ನಾಲ್ಕು ದಿನ ಬರುತ್ತಿದೆ. ಊರಿಗೆ ಹೋಗಿ ತಂದೆಗೆ ಎಲ್ಲವನ್ನೂ ಹೇಳಿದರಂತೆ. ಅವರು ತಮ್ಮ ಹಣದ ಸುದ್ದಿ ಎತ್ತದೆ, ‘ಹುಡುಗ್ರಿಗೆ ಸಂಬಳ ಆಯ್ತಾ?’ ಎಂದು ಕೇಳಿದರಂತೆ. ಒಂದು ತಿಂಗಳದ್ದು ಇನ್ನೂ ಬಾಕಿಯಿದೆ. ಮುಂದಿನ ಭೇಟಿಯಲ್ಲಿ ಅದನ್ನೇ ಮಾತಾಡಬೇಕಿದೆ.