ಹೊಸ ಪ್ರಕ್ರಿಯೆ ತಂದ ಮೂರೇ ತಿಂಗಳಲ್ಲಿ ನಮ್ಮ ಫ್ಯಾಕ್ಟರಿ ಹಳೇ ದಾರಿಗೆ ಮರಳಿದ್ದು ಯಾಕೆ?

ಕನ್ಸಲ್ಟೆಂಟ್ ಬಂದು ಆರ್ಡರ್‌ನಿಂದ ಡಿಸ್ಪ್ಯಾಚ್‌ವರೆಗೆ ಹೊಸ ಪ್ರಕ್ರಿಯೆ ಬರೆದುಕೊಟ್ಟರು, ಇಆರ್‌ಪಿ (ಆರ್ಡರ್, ಸ್ಟಾಕ್, ಖರೀದಿ ಎಲ್ಲವನ್ನೂ ಒಂದೇ ಕಡೆ ನೋಡುವ ಸಾಫ್ಟ್‌ವೇರ್) ಬಂತು, ಟ್ರೈನಿಂಗ್ ಆಯಿತು, ಆದರೂ ಎಲ್ಲರೂ ಹಳೇ ರಿಜಿಸ್ಟರ್‌ಗೇ ಮರಳಿದ್ದಾರೆ ಅಂತ ಬರೆದಿದ್ದೀರಿ. ‘ನಮ್ಮ ಜನಕ್ಕೆ ಬದಲಾವಣೆಯೇ ಬೇಡ’ ಅಂತಲೂ ಸೇರಿಸಿದ್ದೀರಿ. ಆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ.

ಪ್ರೊಡಕ್ಷನ್ ಪ್ಲಾನಿಂಗ್‌ನಲ್ಲಿ ಕೆಲಸ ಮಾಡಿ ಇಂಥ ಬದಲಾವಣೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಜನ ಸುಮ್ನೆ ಹಟಕ್ಕೆ ಬಿದ್ದು ಹಳೇದನ್ನು ಹಿಡಿದುಕೊಳ್ಳುವುದು ಕಡಿಮೆ. ಹೊಸ ಪ್ರಕ್ರಿಯೆ ಒಂದನ್ನು ಮಾಡು ಅನ್ನುತ್ತದೆ. ತಿಂಗಳ ಕೊನೆಗೆ ಅವರ ಕೆಲಸವನ್ನು ಅಳೆಯುವ ಲೆಕ್ಕ ಇನ್ನೊಂದನ್ನು ಕೇಳುತ್ತದೆ. ಗೆಲ್ಲುವುದು ಆ ಲೆಕ್ಕವೇ.

ಲೋಹದ ಹಾಳೆ ಒತ್ತಿ ಪಾರ್ಟ್ ಮಾಡುವ ಪ್ರೆಸ್ ಶಾಪ್‌ನ ಸೂಪರ್ವೈಸರ್‌ನನ್ನೇ ತಗೊಳ್ಳಿ. ‘ಆರ್ಡರ್ ಇದ್ದಷ್ಟೇ ಮಾಡಿ, ಬ್ಯಾಚ್ ಸಣ್ಣದಾಗಿರಲಿ’ ಎಂದು ಹೊಸ ಪ್ರಕ್ರಿಯೆ ಹೇಳುತ್ತದೆ. ಆದರೆ ಅವರನ್ನು ಕೇಳುವುದು ಶಿಫ್ಟ್‌ಗೆ ಎಷ್ಟು ಪೀಸ್ ಬಂತು ಅಂತ. ಪ್ರತಿ ಸಲ ಡೈ (ಪಾರ್ಟ್‌ಗೆ ಆಕಾರ ಕೊಡುವ ಅಚ್ಚು) ಬದಲಿಸುವಾಗಲೂ ಮೆಷಿನ್ ನಿಲ್ಲುತ್ತದೆ, ಪೀಸ್ ಕಡಿಮೆಯಾಗುತ್ತದೆ. ಹಾಗಾಗಿ ಹಾಕಿದ ಡೈ ಮೇಲೇ ದೊಡ್ಡ ಬ್ಯಾಚ್ ಓಡಿಸುತ್ತಾರೆ. ಬೇಡದ ಪಾರ್ಟ್ ರಾಶಿ ಬೀಳುತ್ತದೆ, ಅಸೆಂಬ್ಲಿಗೆ ಬೇಕಾದ ಪಾರ್ಟ್ ಇರುವುದಿಲ್ಲ. ಅವರನ್ನು ಬೈದು ಏನು ಪ್ರಯೋಜನ? ಮೊದಲು ಡೈ ಬದಲಿಸುವ ಸಮಯ ಇಳಿಯಬೇಕು, ಜೊತೆಗೆ ಅಳೆಯುವ ಲೆಕ್ಕವೂ ಬದಲಾಗಬೇಕು. ಟೊಯೋಟಾದಲ್ಲಿ 1,000 ಟನ್ ಪ್ರೆಸ್‌ನ ಡೈ ಬದಲಿಸಲು 4 ಗಂಟೆ ಹಿಡಿಯುತ್ತಿತ್ತು. ಜಪಾನಿನ ಇಂಜಿನಿಯರ್ ಶಿಗಿಯೊ ಶಿಂಗೊ ಅವರ ಕೆಲಸದಿಂದ ಅದು ಕೊನೆಗೆ 3 ನಿಮಿಷಕ್ಕೆ ಇಳಿಯಿತು. ಮೆಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು ಎಂದು ಬೇರೆ ಮಾಡಿದ್ದು ಅದರ ಮುಖ್ಯ ಗುಟ್ಟು. ಸಮಯ ಅಷ್ಟು ಇಳಿದ ಮೇಲೆ ಸಣ್ಣ ಬ್ಯಾಚ್‌ಗೆ ಯಾರನ್ನೂ ಜಾಸ್ತಿ ಒಪ್ಪಿಸಬೇಕಾಗುವುದಿಲ್ಲ.

ಇನ್ನು, ಖರೀದಿಗೆ ಐದು ಜನರ ಸಹಿ ಬೇಕು ಅಂತಲೂ ಬರೆದಿದ್ದೀರಿ. ಮೊದಲು ಕಾಗದದ ಮೇಲಿತ್ತು, ಈಗ ಸ್ಕ್ರೀನ್ ಮೇಲಿದೆ, ಅಷ್ಟೇ ಅಲ್ವಾ? ಮ್ಯಾನೇಜ್‌ಮೆಂಟ್ ಚಿಂತಕ ಮೈಕಲ್ ಹ್ಯಾಮರ್ 1990ರಲ್ಲಿ ಬರೆದ ಲೇಖನದಿಂದ ಹೆಸರಾದ ಫೋರ್ಡ್ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಉತ್ತರ ಅಮೆರಿಕದಲ್ಲಿ ಸಪ್ಲೈಯರ್‌ಗಳಿಗೆ ಹಣ ಪಾವತಿ ಮಾಡುವ ಅವರ ವಿಭಾಗದಲ್ಲಿ 500ಕ್ಕಿಂತ ಜಾಸ್ತಿ ಜನ ಇದ್ದರು. ಕಂಪ್ಯೂಟರ್ ತಂದು 20% ಕಡಿಮೆ ಮಾಡೋಣ ಎಂದುಕೊಂಡಿದ್ದರು. ಜಪಾನಿನ ಕಾರು ಕಂಪನಿ ಮಾಜ್ದಾದಲ್ಲಿ ಅದೇ ಕೆಲಸವನ್ನು 5 ಜನ ಮಾಡುವುದು ಕಂಡಾಗ ಯೋಚನೆಯ ದಿಕ್ಕೇ ಬದಲಾಯಿತು. ಇನ್‌ವಾಯ್ಸನ್ನೇ ಬಿಟ್ಟರು. ಸರಕು ಬಂದು ಇಳಿಯುವ ಜಾಗದಲ್ಲೇ ಪರ್ಚೇಸ್ ಆರ್ಡರ್ ಜೊತೆ ತಾಳೆ ನೋಡುವುದು, ಸರಿ ಇದ್ದರೆ ತಗೊಳ್ಳುವುದು, ಇಲ್ಲದಿದ್ದರೆ ವಾಪಸ್ ಕಳಿಸುವುದು. ತಾಳೆ ನೋಡಬೇಕಾದ 14 ಅಂಶಗಳು 3ಕ್ಕೆ ಇಳಿದವು, ಜನರ ಸಂಖ್ಯೆ 75% ಇಳಿಯಿತು. ಇದನ್ನು ಸಾಫ್ಟ್‌ವೇರ್ ಕಥೆ ಎಂದು ಹೇಳುವವರು ಬಹಳ. ನನಗೆ ದೊಡ್ಡದಾಗಿ ಕಾಣುವುದು ಬೇರೆ: ಸರಕು ಇಳಿಸಿಕೊಳ್ಳುವವರ ಕೈಗೆ ನಿರ್ಧಾರ ಬಂತು. ನಿಮ್ಮ ಐದು ಸಹಿಗಳಲ್ಲಿ ಯಾವುದು ಇಲ್ಲದಿದ್ದರೆ ನಿಜಕ್ಕೂ ನಷ್ಟವಾಗುತ್ತದೆ ಎಂದು ಕೇಳಿ ನೋಡಿ.

ಆ 75% ಎಂಬ ಸಂಖ್ಯೆ ಕೇಳಿದರೆ ಕೆಲಸಗಾರರಿಗೆ ಭಯವಾಗುವುದು ಸಹಜ. 1990ರ ದಶಕದಲ್ಲಿ ರೀಇಂಜಿನಿಯರಿಂಗ್ (ಹೀಗೆ ಕೆಲಸದ ರೀತಿಯನ್ನೇ ಬುಡದಿಂದ ಬದಲಿಸುವುದು) ಅಂದರೆ ಕೆಲಸದಿಂದ ತೆಗೆಯುವುದು ಎಂಬ ಹೆಸರೇ ಬಂದುಬಿಟ್ಟಿತ್ತು. ಯಾರ ಕೆಲಸ ಉಳಿಯುತ್ತದೆ, ಯಾರದು ಬದಲಾಗುತ್ತದೆ ಎಂದು ಮೊದಲೇ ಬಾಯಿಬಿಟ್ಟು ಹೇಳಿ. ಮೇಲ್ ಕಳಿಸಿದರೆ ಸಾಲದು, ಎದುರು ನಿಂತು ಹೇಳಬೇಕು.

ದಯವಿಟ್ಟು ಆ ಹಳೇ ರಿಜಿಸ್ಟರ್ ಕಿತ್ತುಕೊಳ್ಳಬೇಡಿ. ಬರೆದವರ ಪಕ್ಕ ಕೂತು ಓದಿ. ಸಿಸ್ಟಂನಲ್ಲಿ ಜಾಗವೇ ಇಲ್ಲದ ವಿಷಯಗಳು ಅದರಲ್ಲಿರುತ್ತವೆ. ಯಾವ ಡೈನಲ್ಲಿ ಬರ್ (ಪಾರ್ಟ್‌ನ ಅಂಚಿನಲ್ಲಿ ಉಳಿಯುವ ಚೂಪು ಲೋಹ) ಜಾಸ್ತಿ ಬರುತ್ತದೆ, ಯಾವ ಲಾಟನ್ನು ಮತ್ತೆ ಚೆಕ್ ಮಾಡಬೇಕು, ರಾತ್ರಿ ಪಾಳಿಯಲ್ಲಿ ಸ್ಟೋರ್ಸ್ ಮುಚ್ಚಿದ್ದಾಗ ಪಕ್ಕದ ಲೈನ್‌ನಿಂದ ಏನು ತಂದರು, ಇಂಥವು. ಸ್ಕ್ರೀನ್ ‘ಸ್ಟಾಕ್ ಇಲ್ಲ’ ಅನ್ನುತ್ತದೆ, ಮಾಲು ಕಣ್ಣೆದುರೇ ಇರುತ್ತದೆ. ಆಗ ಆಪರೇಟರ್ ಯಾವುದನ್ನು ನಂಬಬೇಕು ಹೇಳಿ? ಆ ಪುಟಗಳೇ ನಿಮ್ಮ ಹೊಸ ಪ್ರಕ್ರಿಯೆಯ ತಿದ್ದುಪಡಿ ಪಟ್ಟಿ.

ಈಗ ಇಡೀ ಫ್ಯಾಕ್ಟರಿಯನ್ನು ಮತ್ತೆ ಮುಟ್ಟಬೇಡಿ. ಒಂದು ಲೈನ್ ಆರಿಸಿ. ಅದರ ಸೂಪರ್ವೈಸರ್ ಕೈಗೇ ಪ್ರಕ್ರಿಯೆ ತಿದ್ದುವ ಅಧಿಕಾರ ಕೊಡಿ. ಪೀಸ್ ಲೆಕ್ಕದ ಬದಲು ಆರ್ಡರ್ ಹೇಳಿದ ದಿನಕ್ಕೆ ಹೋಯಿತೇ ಎಂದು ಅಳೆಯಿರಿ. ರಿಜಿಸ್ಟರ್ ಮತ್ತು ಸಿಸ್ಟಂ ಎರಡೂ ಜೊತೆಗೆ ನಡೆಯಲಿ, ಆದರೆ ರಿಜಿಸ್ಟರ್ ನಿಲ್ಲುವ ದಿನಾಂಕ ಮೊದಲೇ ಗೊತ್ತಿರಲಿ. ಶುರುವಿನಲ್ಲಿ ಆ ಲೈನ್‌ನ ಔಟ್‌ಪುಟ್ ಇಳಿಯಬಹುದು. ಆ ಇಳಿತಕ್ಕೆ ಸೂಪರ್ವೈಸರನ್ನು ಹೊಣೆ ಮಾಡುವುದಿಲ್ಲ ಎಂದು ನಿಮ್ಮ ಪ್ಲಾಂಟ್ ಹೆಡ್ ಈಗಲೇ ಬರೆದುಕೊಡಲಿ.