ದಾಳ ಉರುಳಿಸಿದರೆ ಪಟ್ಟು ಬೀಳುತ್ತದೆಯೇ?

ಪ್ರಶ್ನೆ: ನನ್ನ ಮೊಮ್ಮಗ ಮತ್ತು ಅವನ ಗೆಳೆಯರು ಭಾನುವಾರ ನಮ್ಮ ಜಗಲಿಯಲ್ಲಿ ಕುಳಿತು ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟವಾಡುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ ಕಥೆ ಹೇಳುತ್ತಾರೆ, ಹೊಡೆದಾಟ ಬಂದಾಗ ದಾಳ ಉರುಳಿಸುತ್ತಾರೆ. ನಾನು ಹರೆಯದಲ್ಲಿ ಗರಡಿಯ ಮಟ್ಟಿಯಲ್ಲಿ ಹೊರಳಾಡಿದವನು. ದಾಳದಿಂದ ಕುಸ್ತಿಯನ್ನು ತೋರಿಸಲು ಸಾಧ್ಯವೇ?
(ಹಿರಿಯ ಓದುಗರೊಬ್ಬರು, ಹಾಸನ)

ಉತ್ತರ: ಕುಸ್ತಿಯ ಚಲನೆಯನ್ನು ದಾಳ ತೋರಿಸಲಾರದು, ಪೈಲ್ವಾನನ ಮನಸ್ಸಿನಲ್ಲಿ ನಡೆಯುವ ಲೆಕ್ಕಾಚಾರವನ್ನು ಒಂದು ಮಟ್ಟಿಗೆ ತೋರಿಸಬಲ್ಲದು. ಎಷ್ಟರಮಟ್ಟಿಗೆ ಎಂಬುದು ಆಯಾ ಆಟದ ನಿಯಮಗಳನ್ನು ಅವಲಂಬಿಸಿದೆ.

ನಿಮ್ಮ ಮೊಮ್ಮಗ ಆಡುವ ಆಟ 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರಿಂದ, ಪುಟ್ಟ ಗೊಂಬೆಗಳ ಸೈನ್ಯವನ್ನು ಮೇಜಿನ ಮೇಲೆ ನಡೆಸುವ ಯುದ್ಧದಾಟದಿಂದ ಹುಟ್ಟಿತು. ಆದ್ದರಿಂದಲೇ ಅದರಲ್ಲಿ ಒಂದು ದಾಳವೆಂದರೆ ಒಂದೇ ಹೊಡೆತವೆಂದು ಅರ್ಥವಲ್ಲ. 2014ರ ಆವೃತ್ತಿಯಲ್ಲಿ ಒಂದು ಸುತ್ತಿಗೆ ಆರು ಸೆಕೆಂಡು. ಆ ಹೊತ್ತಿನ ನುಗ್ಗಾಟ, ತಪ್ಪಿಸಾಟಗಳ ಫಲವನ್ನಷ್ಟೇ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಬೇಲೂರಿನ ಗುಡಿಯಲ್ಲಿ ಸಳ ಮೃಗವನ್ನು ಇರಿಯುವ ಒಂದು ಕ್ಷಣವಷ್ಟೇ ಕಲ್ಲಿನಲ್ಲಿದ್ದು, ಉಳಿದ ಕಾದಾಟವನ್ನು ನೋಡುವವರೇ ಊಹಿಸಿಕೊಳ್ಳುವುದಿಲ್ಲವೇ, ಇದೂ ಹಾಗೆಯೇ. ಬರಿಗೈಯಲ್ಲಿ ಹೋರಾಡುವ ಸನ್ಯಾಸಿಯ ಪಾತ್ರ 1975ರಲ್ಲಿಯೇ ಈ ಆಟಕ್ಕೆ ಬಂದಿತು. ಕವಚವಿಲ್ಲದ ಈ ಪಾತ್ರಕ್ಕೆ ಚುರುಕುತನ ಮತ್ತು ವಿವೇಕದ ಅಂಕಗಳೇ ರಕ್ಷಣೆಯಾಗಿ ಸೇರುತ್ತವೆ ಎಂಬ ನಿಯಮವನ್ನು ಯಾವ ಉಸ್ತಾದರೂ ಒಪ್ಪಿಯಾರು.

ನಿಮಗೆ ಅಸಮಾಧಾನವಾಗುವುದು ಹಿಡಿತದ ವಿಷಯದಲ್ಲಿ. ಆ ಆವೃತ್ತಿಯಲ್ಲಿ ಎದುರಾಳಿಯನ್ನು ಹಿಡಿದುಕೊಂಡರೆ ಅವನು ಜಾಗ ಬಿಟ್ಟು ಕದಲಲಾರ, ಅಷ್ಟೇ. ಹಿಡಿತದಲ್ಲಿದ್ದುಕೊಂಡೇ ಮೊದಲಿನಷ್ಟೇ ಸಲೀಸಾಗಿ ಹೊಡೆಯಬಲ್ಲ. ಗರಡಿಯಲ್ಲಿ ಇದನ್ನು ಹೇಳಿದರೆ ನಕ್ಕಾರು.

ಸ್ಟೀವ್ ಜಾಕ್ಸನ್ ಅವರ ಗರ್ಪ್ಸ್ ಎಂಬ 1986ರ ಆಟ ಈ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕವಾದದ್ದೆಂದು ನನ್ನ ಅಭಿಪ್ರಾಯ. ಅಲ್ಲಿ ಒಂದು ಸರದಿ ಎಂದರೆ ಒಂದೇ ಸೆಕೆಂಡು. ಹಿಡಿಯುವುದು, ಕೆಡವುವುದು, ನೆಲಕ್ಕೆ ಒತ್ತಿ ಹಿಡಿಯುವುದು ಬೇರೆ ಬೇರೆ ಹಂತಗಳು, ಮತ್ತು ಸಿಕ್ಕಿಬಿದ್ದವನ ಕೈಚಳಕವೂ ಕುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಡೆತ ತಿನ್ನುವವನೂ ತಪ್ಪಿಸಿಕೊಳ್ಳಲೋ ತಡೆಯಲೋ ತಾನೇ ದಾಳ ಉರುಳಿಸುತ್ತಾನೆ. ಮೂರು ದಾಳಗಳ ಮೊತ್ತ ತನ್ನ ಕೌಶಲದ ಅಂಕವನ್ನು ಮೀರದಿದ್ದರೆ ಗೆಲುವು.

ಒಂದು ಉದಾಹರಣೆ ನೋಡಿ. ನಿಮ್ಮ ಕೌಶಲ 16, ಎದುರಾಳಿಯ ತಡೆ 9 ಎಂದಿರಲಿ. ವಿಶೇಷ ಹೊಡೆತಗಳ ನಿಯಮವನ್ನು ಬದಿಗಿಟ್ಟರೆ, ನೇರವಾಗಿ ಹೊಡೆದಾಗ ತಗಲುವ ಸಾಧ್ಯತೆ ನೂರಕ್ಕೆ ಸುಮಾರು 61. ಇಲ್ಲಿ ಕಣ್ಣುತಪ್ಪಿಸಿ ಹೊಡೆಯುವುದಕ್ಕೂ ನಿಯಮವಿದೆ: ನಿಮ್ಮ ಕೌಶಲದಲ್ಲಿ 2 ಬಿಟ್ಟುಕೊಟ್ಟರೆ ಅವನ ತಡೆಯಲ್ಲಿ 1 ಇಳಿಯುತ್ತದೆ. ಹಾಗೆ ಮಾಡಿದರೆ ಸಾಧ್ಯತೆ 67ಕ್ಕೆ ಏರುತ್ತದೆ. ಇನ್ನೂ ಆಸೆಪಟ್ಟು 4 ಬಿಟ್ಟುಕೊಟ್ಟರೆ ಮತ್ತೆ 62ಕ್ಕೆ ಇಳಿಯುತ್ತದೆ. ಹುಸಿ ಹೆಜ್ಜೆ ಅತಿಯಾದರೆ ತನ್ನ ಕಾಲೇ ಜಾರುತ್ತದೆಂದು ಮಟ್ಟಿಯಲ್ಲಿ ಕಲಿತವರಿಗೆ ಈ ಅಂಕಿಗಳು ಹೊಸದೆನಿಸಲಾರವು.

ಹಾಗೆಂದು ಮೊಮ್ಮಗನ ಆಟವನ್ನು ಬದಲಿಸಬೇಕಾಗಿಲ್ಲ. ಅನುಕೂಲಕರ ಸ್ಥಿತಿಯಲ್ಲಿರುವ ಪಾತ್ರಕ್ಕೆ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡ ಅಂಕವನ್ನು ಇಟ್ಟುಕೊಳ್ಳಲು ಆಟ ನಡೆಸುವವರು ಅವಕಾಶ ಕೊಡಬಹುದೆಂದು ಅದರ ನಿಯಮದಲ್ಲಿಯೇ ಇದೆ. ಮುಂದಿನ ಭಾನುವಾರ ನೀವೂ ಜಗಲಿಯಲ್ಲಿ ಕುಳಿತು, ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ, ಅವನ ಕೈ ಎಲ್ಲಿದೆ ಎಂದು ಹುಡುಗರನ್ನು ಕೇಳಿ. ಸರಿಯಾದ ಪಟ್ಟನ್ನು ಹೇಳಿದವನಿಗೆ ಆ ಎರಡನೆಯ ದಾಳ ಸಿಗಲಿ.