ಸಂಪಾದಕರ ಉತ್ತರ: ಹಡೆದದ್ದೋ, ಮಾಡಿದ್ದೋ?

ಚಿತ್ರದುರ್ಗದ ಓದುಗರೇ,

ನಿಮ್ಮ ಆರು ಪುಟದ ಪತ್ರವನ್ನು ಎರಡು ಸಲ ಓದಿದೆ. ಬೇರೆ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಭಾನುವಾರ ಸಂಜೆ ನಾಲ್ಕೈದು ಕುಟುಂಬದವರು ನಿಮ್ಮ ಮನೆಯಲ್ಲಿ ಸೇರಿ ಬೈಬಲ್ ಓದುತ್ತೀರಿ. ಜ್ಞಾನೋಕ್ತಿಗಳ 8ನೇ ಅಧ್ಯಾಯ ಬಂತು. ಅಲ್ಲಿ ಜ್ಞಾನವೇ ಬಾಯಿಬಿಟ್ಟು ಮಾತಾಡುತ್ತದೆ, ದೇವರು ಎಲ್ಲಕ್ಕಿಂತ ಮೊದಲು ನನ್ನನ್ನು ಉಂಟುಮಾಡಿದ ಅನ್ನುತ್ತದೆ. ಯೇಸುವಿನ ಅಪೊಸ್ತಲ ಪೌಲ ತನ್ನ ಪತ್ರದಲ್ಲಿ ಕ್ರಿಸ್ತನನ್ನೇ ದೇವರ ಜ್ಞಾನ ಎಂದು ಕರೆದಿದ್ದಾನೆ. ಹಾಗಾದರೆ ಕ್ರಿಸ್ತನೂ ಸೃಷ್ಟಿಯೇ ಅಲ್ವಾ ಅಂದರು ನಿಮ್ಮ ಗೆಳೆಯರು. ನೀವು ಸಿಟ್ಟಾದಿರಿ. ಈಗ ಎರಡು ಮನೆಗೂ ಮಾತಿಲ್ಲ. ‘ಯಾರು ಸರಿ ಅಂತ ಅಚ್ಚು ಹಾಕಿ, ಅವರಿಗೆ ತೋರಿಸುತ್ತೇನೆ’ ಎಂದು ಬರೆದಿದ್ದೀರಿ.

ಅಚ್ಚು ಹಾಕಿದ್ದೇನೆ. ಪೂರ್ತಿ ಓದಿ, ಆಮೇಲೆ ತೋರಿಸಿ.

ಆ ಅಧ್ಯಾಯ ಒಂದು ಕವಿತೆ. ಜ್ಞಾನ ಅಲ್ಲಿ ಹೆಂಗಸಾಗಿ ಬರುತ್ತಾಳೆ. ದಾರಿ ಕೂಡುವಲ್ಲಿ, ಊರ ಬಾಗಿಲಲ್ಲಿ ನಿಂತು ಕೂಗಿ ಕರೆಯುತ್ತಾಳೆ. ದುರ್ಗದವರಿಗೆ ಊರ ಬಾಗಿಲು ಅಂದರೆ ಏನು ಅಂತ ನಾನು ಹೇಳಬೇಕಿಲ್ಲ. 22ನೇ ವಚನದಲ್ಲಿರುವ ಹೀಬ್ರೂ ಪದ ‘ಕಾನಾ’. ಅದಕ್ಕೆ ಸಂಪಾದಿಸು, ಪಡೆ, ಉಂಟುಮಾಡು ಅಂತೆಲ್ಲ ಅರ್ಥವಿದೆ. ಬೈಬಲಿನ ಮೊದಲ ತಾಯಿ ಹವ್ವಳು ಮಗ ಕಾಯಿನನನ್ನು ಹೆತ್ತಾಗ ‘ಪಡೆದೆ’ ಅಂದದ್ದೂ ಇದೇ ಪದದಲ್ಲಿ. ಹಳೆಯ ಗ್ರೀಕ್ ಅನುವಾದದಲ್ಲಿ ಇದು ‘ಸೃಷ್ಟಿಸಿದನು’ ಎಂದಾಯಿತು. ಕ್ರಿಸ್ತನೂ ಸೃಷ್ಟಿಯೇ ಎಂದು ವಾದಿಸಿದ ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್ ಹಿಡಿದುಕೊಂಡದ್ದು ಅದನ್ನೇ. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪರು ಅವನ ಮಾತು ಒಪ್ಪಲಿಲ್ಲ. ಮಗನು, ಅಂದರೆ ಕ್ರಿಸ್ತನು, ಹುಟ್ಟಿದವನು, ಮಾಡಲ್ಪಟ್ಟವನಲ್ಲ, ತಂದೆಯ ಸ್ವಭಾವವೇ ಅವನದು ಎಂದರು.

ಕನ್ನಡದವರಿಗೆ ಇದು ಬೇಗ ತಿಳಿಯಬೇಕು. ತಾಯಿಯನ್ನು ನಾವು ಹಡೆದವ್ವ ಅನ್ನುತ್ತೇವೆ. ಹಳಗನ್ನಡದ ‘ಪಡೆ’ಯೇ ಇವತ್ತಿನ ‘ಹಡೆ’. ಒನಕೆಯನ್ನು ಮಾಡುತ್ತಾರೆ, ಮಗುವನ್ನು ಹಡೆಯುತ್ತಾರೆ. ಒನಕೆ ಮಾಡಿದವನ ಜಾತಿಯದಲ್ಲ, ಮರದ್ದು. ಮಗು ಮಾತ್ರ ಹೆತ್ತವರದೇ ರಕ್ತ. ಆ ಕವಿತೆಯಲ್ಲೂ ಮುಂದಿನ ಎರಡು ಮೂರು ವಚನ ಓದಿ ನೋಡಿ, ಜ್ಞಾನ ತಾನು ಹುಟ್ಟಿದೆ ಅನ್ನುತ್ತದೆ. ಹಾಗಾಗಿ ವಾದದಲ್ಲಿ ನೀವೇ ಸರಿ. ಆದರೆ ನಿಮ್ಮ ಗೆಳೆಯರು ಕೇಳಿದ್ದು ಕೆಟ್ಟ ಪ್ರಶ್ನೆಯಲ್ಲ. ಕ್ರೈಸ್ತ ಸಭೆಯೇ ಹತ್ತಾರು ವರ್ಷ ಹೊಡೆದಾಡಿದ ಪ್ರಶ್ನೆ ಅದು.

ನಿಮ್ಮ ವಾದದಲ್ಲಿ ಬಂದ ಪೌಲನ ಮಾತು ಎಲ್ಲಿದೆ ನೋಡಿ. 1 ಕೊರಿಂಥ ಎಂಬ ಪತ್ರದ ಮೊದಲ ಅಧ್ಯಾಯ. ಅದನ್ನು ಬರೆದದ್ದು ಯಾರಿಗೆ? ನಾನು ಪೌಲನವನು, ನಾನು ಅಪೊಲ್ಲೋಸನವನು ಅಂತ ಗುಂಪು ಕಟ್ಟಿಕೊಂಡು ಜಗಳಾಡುತ್ತಿದ್ದ ಸಭೆಗೆ. ಜಗಳ ನಿಲ್ಲಿಸಲು ಬರೆದ ಮಾತನ್ನೇ ಎತ್ತಿಕೊಂಡು ನೀವಿಬ್ಬರೂ ಮಾತು ಬಿಟ್ಟಿದ್ದೀರಿ. ಇದನ್ನು ಓದಿ ನನಗೆ ನಿಜವಾಗಿ ನೋವಾಯಿತು.

ನಮ್ಮ ದಾವಣಗೆರೆಯ ಚರ್ಚಿನಲ್ಲಿ ಒಂದು ವರ್ಷ ಶುಭ ಶುಕ್ರವಾರದ ಹಿಂದಿನ ರಾತ್ರಿ ಕಾಲು ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ನಾನೂ ಕೂತಿದ್ದೆ. ಪಕ್ಕದಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹಿರಿಯರೊಬ್ಬರು. ಅವರ ಹಿಮ್ಮಡಿ ಒಡೆದು ಸೀಳಿನೊಳಗೆಲ್ಲ ಮಸಿ ಕೂತಿತ್ತು. ‘ಎರಡು ಸಲ ಸೋಪು ಹಚ್ಚಿ ಉಜ್ಜಿದೆ, ಹೋಗ್ಲಿಲ್ಲ’ ಎಂದು ನನ್ನ ಕಿವಿಯಲ್ಲಿ ಹೇಳಿದರು. ಕಾಲು ತೊಳೆಯಲು ಪಾದ್ರಿ ಅಯ್ಯನವರು ಮುಂದೆ ಬಂದು ಕೂತಾಗ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡರು. ಅಯ್ಯನವರು ಏನೂ ಹೇಳಲಿಲ್ಲ. ಸುಮ್ನೆ ಕೈ ಚಾಚಿಕೊಂಡು ಕಾದರು. ತುಂಬಾ ಹೊತ್ತಾದ ಮೇಲೆ ಆ ಕಾಲು ಹೊರಗೆ ಬಂತು. ಒರೆಸಿದ ಬಿಳಿ ಟವೆಲ್ಲಿನ ಮೇಲೆ ಕಪ್ಪು ಗೆರೆ ಉಳಿಯಿತು.

ಆವತ್ತು ಓದಿದ್ದು ಯೋಹಾನ 13. ತಾನು ದೇವರಿಂದ ಬಂದವನು, ಎಲ್ಲವೂ ತನ್ನ ಕೈಯಲ್ಲಿದೆ ಎಂದು ಯೇಸುವಿಗೆ ಗೊತ್ತಿತ್ತು. ಗೊತ್ತಿದ್ದೇ ಊಟದಿಂದ ಎದ್ದ, ಸೊಂಟಕ್ಕೆ ಟವೆಲ್ ಕಟ್ಟಿಕೊಂಡ. ಕ್ರಿಸ್ತ ಸೃಷ್ಟಿಯಲ್ಲ ಅಂತ ನಾವು ಹಟ ಹಿಡಿಯುವುದು ಇದಕ್ಕೇ. ಕಾಲು ತೊಳೆದವನು ದೇವರು ಕಳಿಸಿದ ಆಳಾಗಿದ್ದರೆ, ಆಳು ಆಳಿನ ಕೆಲಸ ಮಾಡಿದ ಅಷ್ಟೇ. ದೇವರೇ ಆಗಿದ್ದರೆ? ಆಗ ಮಸಿ ಕೂತ ಹಿಮ್ಮಡಿಯ ಮುಂದೆ ಕೈ ಚಾಚಿ ಕಾಯುವುದೇ ದೇವರ ಜ್ಞಾನ. ಅವತ್ತು ಯೇಸುವನ್ನು ಹಿಡಿದುಕೊಡಲಿದ್ದ ಯೂದನ ಕಾಲೂ ಆ ಕೈಯಲ್ಲಿತ್ತು. ಒಬ್ಬರನ್ನೊಬ್ಬರು ಪ್ರೀತಿಸಿ ಎಂಬ ಹೊಸ ಆಜ್ಞೆ ಬಂದದ್ದೂ ಅದೇ ರಾತ್ರಿ, ಅದೇ ಊಟದ ಜಾಗದಲ್ಲಿ.

ನಿಮ್ಮ ಕೊನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ. ಮುಂದಿನ ತಿಂಗಳು ಅವರ ಮಗಳ ಮದುವೆ, ನಮಗಿನ್ನೂ ಕರೆಯೋಲೆ ಬಂದಿಲ್ಲ ಅಂತ. ಆರು ಪುಟದಲ್ಲಿ ನಾನು ಜಾಸ್ತಿ ಹೊತ್ತು ನೋಡಿದ್ದು ಆ ಸಾಲನ್ನೇ. ಕರೆಯೋಲೆಗೆ ಕಾಯಬೇಡಿ. ಈ ಪುಟವನ್ನೂ ಒಯ್ಯಬೇಡಿ, ಇನ್ನೊಂದು ದಿನ ತೋರಿಸಿದರಾಯಿತು. ಮನೆಯವರನ್ನು ಕರೆದುಕೊಂಡು ನಾಳೆಯೇ ಹೋಗಿ. ಮದುವೆ ಮನೆ ಅಂದಮೇಲೆ ಎಲೆ ಹಾಕಲು, ಬಡಿಸಲು ಕೈ ಬೇಕೇ ಬೇಕು. ಯಾವ ಕೆಲಸ ಬಾಕಿ ಇದೆ ಅಂತ ಕೇಳಿ.